ಡೆಂಗಿ ರೋಗಿಗೆ ಎದೆನೋವು, ಲಕ್ವ, ಕಾಲು ಸೋಲುವುದು: ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಒಂದು ಗಂಟೆ

ಪ್ರಶ್ನೆ – ಶುಶ್ರೂಷಾಧಿಕಾರಿ, ತಾಲ್ಲೂಕು ಆಸ್ಪತ್ರೆ

ಮಳೆಗಾಲದ ಡೆಂಗಿ ವಾರ್ಡಿಗೆ ಹೊಸದಾಗಿ ಬರುವ ನರ್ಸ್‌ಗಳಿಗೆ ಒಂದು ಪುಟದ ಸೂಚನೆ ಸಿದ್ಧವಾಗುತ್ತಿದೆ. ಪ್ಲೇಟ್‌ಲೆಟ್, ಪಿಸಿವಿ (ರಕ್ತ ಎಷ್ಟು ಗಟ್ಟಿಯಾಗಿದೆ ಎಂಬ ಅಳತೆ), ಡ್ರಿಪ್ ಲೆಕ್ಕ ಎಲ್ಲರಿಗೂ ಬಾಯಿಪಾಠ. ತೊಡಕಾಗುವುದು ಮೂರು ಕಡೆ.

ಒಂದು, ರಾಜ್ಯದ ಹೃದಯ ಜ್ಯೋತಿ ಯೋಜನೆಯಲ್ಲಿ ಹೃದಯಾಘಾತವಾದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಡುತ್ತೇವೆ. ಜ್ವರದ ಐದನೇ ದಿನದ ಡೆಂಗಿ ರೋಗಿ ಎದೆನೋವು ಅಂದು, ಇಸಿಜಿಯಲ್ಲಿ ಎಸ್‌ಟಿ (ಹೃದಯಾಘಾತದಲ್ಲಿ ಮೇಲೇಳುವ ಗೆರೆಯ ಭಾಗ) ಏರಿದ್ದರೆ ಏನು ಮಾಡುವುದು? ಎರಡು, ಸ್ಟೆಂಟ್ ಹಾಕಿಸಿಕೊಂಡವರು ಹೆಪ್ಪುಗಟ್ಟದಂತೆ ನುಂಗುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನಿಲ್ಲಿಸಬೇಕೋ ಬೇಡವೋ? ಮೂರು, ಮಂಪರು, ಒಂದು ಕೈ ಬಿದ್ದುಹೋಗುವುದು, ಎರಡೂ ಕಾಲು ಸೋಲುವುದು: ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ನಮ್ಮ ಮಟ್ಟದಲ್ಲಿ ಏನನ್ನು ಬಿಡಲೇಬಾರದು?

ಉತ್ತರ 1 – ಹೃದ್ರೋಗ ವಿಭಾಗ

ಮೊದಲನೆಯದಕ್ಕೆ ನೇರ ಉತ್ತರ: ಟೆನೆಕ್ಟೆಪ್ಲೇಸ್ ಕೊಡಬೇಡಿ. ಎದೆನೋವಿನ ಜತೆ ಈಚಿನ ಜ್ವರ ಇದೆಯೇ ಎಂದು ಸೂಜಿ ಕೈಗೆತ್ತಿಕೊಳ್ಳುವ ಮೊದಲೇ ಕೇಳಿ. ಪ್ಲೇಟ್‌ಲೆಟ್ ಕುಸಿದಿರುವ, ರಕ್ತನಾಳಗಳು ಸೋರುತ್ತಿರುವ ರೋಗಿಗೆ ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಮಿದುಳಿನಲ್ಲೇ ರಕ್ತಸ್ರಾವವಾಗಬಹುದು. ಆ ಇಸಿಜಿಯನ್ನು ಹಬ್ ಆಸ್ಪತ್ರೆಗೆ (ಅದನ್ನು ಓದಿ ಸಲಹೆ ಕೊಡುವ ದೊಡ್ಡ ಆಸ್ಪತ್ರೆಗೆ) ಕಳಿಸುವಾಗ ‘ಡೆಂಗಿ, ಜ್ವರದ 5ನೇ ದಿನ, ಪ್ಲೇಟ್‌ಲೆಟ್ ಇಷ್ಟು’ ಎಂದು ಜತೆಗೆ ಬರೆಯಿರಿ. ಬರೆಯದಿದ್ದರೆ ಅಲ್ಲಿ ಕುಳಿತವರು ಬರೀ ಗೆರೆ ನೋಡಿ ಹೃದಯಾಘಾತ ಎಂದೇ ಓದುತ್ತಾರೆ.

ಡೆಂಗಿಯಲ್ಲಿ ಹೃದಯದ ಸ್ನಾಯುವೇ ಉರಿಯೂತಕ್ಕೆ ಸಿಕ್ಕಿ, ಅಂದರೆ ಮಯೊಕಾರ್ಡೈಟಿಸ್ ಆಗಿ, ಎಸ್‌ಟಿ ಏರಬಹುದು, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೊಪೊನಿನ್ ಕೂಡ ಹೆಚ್ಚಬಹುದು. ಹೃದಯಾಘಾತದಲ್ಲಿ ಎಸ್‌ಟಿ ಏರಿಕೆ ಒಂದು ರಕ್ತನಾಳದ ವ್ಯಾಪ್ತಿಗೆ ಸೀಮಿತವಾಗಿದ್ದು, ಎದುರು ಲೀಡ್‌ಗಳಲ್ಲಿ ಇಳಿಕೆ ಕಾಣುತ್ತದೆ. ಉರಿಯೂತದಲ್ಲಿ ಸಾಮಾನ್ಯವಾಗಿ ಹಲವು ಲೀಡ್‌ಗಳಲ್ಲಿ ಹರಡಿಕೊಂಡಿರುತ್ತದೆ. ಇದನ್ನೇ ನಂಬಿ ತೀರ್ಮಾನ ಮಾಡುವಂತಿಲ್ಲ, ಎಕೋ (ಹೃದಯದ ಸ್ಕ್ಯಾನ್) ಬೇಕು. ನಿಜವಾದ ಹೃದಯಾಘಾತವೇ ಆಗಿದ್ದರೂ ಇಂಥವರಿಗೆ ದಾರಿ ಆಂಜಿಯೋಗ್ರಾಂ ಇರುವ ಆಸ್ಪತ್ರೆ, ಟೆನೆಕ್ಟೆಪ್ಲೇಸ್ ಅಲ್ಲ.

ನಾಡಿಯ ಬಗ್ಗೆ ಸೂಚನೆಯಲ್ಲಿ ಎರಡು ಸಾಲು ಇರಲಿ. ಜ್ವರ ಬಿಟ್ಟು ಚೇತರಿಸಿಕೊಳ್ಳುವಾಗ ನಾಡಿ ನಿಮಿಷಕ್ಕೆ 45–50ಕ್ಕೆ ಇಳಿಯುವುದುಂಟು. ಬಿಪಿ ಸರಿಯಿದ್ದು, ತಲೆಸುತ್ತು ಇಲ್ಲದಿದ್ದರೆ ಇಸಿಜಿ ತೆಗೆದು ನೋಡುತ್ತಿದ್ದರೆ ಸಾಕು. ಆದರೆ ಬಿಪಿ ಕುಸಿದಿದೆ, ಕೈಕಾಲು ತಣ್ಣಗಿದೆ, ನಾಡಿ ಮಾತ್ರ ಓಡುತ್ತಿಲ್ಲ ಎಂದಾದರೆ ಹೃದಯಕ್ಕೆ ಪೆಟ್ಟು ಬಿದ್ದಿದೆ ಅಥವಾ ಹಾರ್ಟ್ ಬ್ಲಾಕ್ ಆಗಿದೆ ಎಂದು ಶಂಕಿಸಿ. ರಕ್ತನಾಳ ಸೋರಿ ಬಿಪಿ ಕುಸಿಯುವ ಬರೀ ಸೋರಿಕೆಯ ಶಾಕ್‌ನಲ್ಲಿ ನಾಡಿ ಓಡಲೇಬೇಕು.

ಸ್ಟೆಂಟ್ ವಿಷಯ. ಲೋಹದ ಸ್ಟೆಂಟ್ ಹಾಕಿ ಒಂದು ತಿಂಗಳು, ಔಷಧ ಲೇಪಿತ ಸ್ಟೆಂಟ್ ಹಾಕಿ ಆರು ತಿಂಗಳು ಆಗಿಲ್ಲದವರಲ್ಲಿ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ಸಾಮಾನ್ಯವಾಗಿ ಪಾಲಿಸುವ ಅಳತೆ ಇದು: ಪ್ಲೇಟ್‌ಲೆಟ್ 50,000ಕ್ಕಿಂತ ಮೇಲಿದ್ದರೆ ಎರಡೂ ಮಾತ್ರೆ ಮುಂದುವರಿಸಿ ದಿನವೂ ಎಣಿಕೆ ಮಾಡಿಸುವುದು, 30,000ದಿಂದ 50,000ದ ನಡುವೆ ಆಸ್ಪತ್ರೆಗೆ ದಾಖಲಿಸಿಕೊಂಡು, ಕಣ್ಗಾವಲಿನಲ್ಲಿ ಮುಂದುವರಿಸುವುದು, 30,000ಕ್ಕಿಂತ ಕೆಳಗೆ ಅಥವಾ ಯಾವ ಹಂತದಲ್ಲೇ ರಕ್ತಸ್ರಾವ ಕಂಡರೂ ನಿಲ್ಲಿಸಿ, ಮತ್ತೆ 50,000 ದಾಟಿದ ಮೇಲೆ ಆರಂಭಿಸುವುದು. ಸ್ಟೆಂಟ್ ಹಾಕಿದ ವೈದ್ಯರಿಗೆ ಫೋನ್ ಹೋಗಲೇಬೇಕು. ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಯಾರಿಗೂ ಬೇಡ. ಸ್ನಾಯುವಿಗೆ ಚುಚ್ಚುವ ಇಂಜೆಕ್ಷನ್ನೂ ಬೇಡ.

ಉತ್ತರ 2 – ನರರೋಗ ವಿಭಾಗ

ಮಂಪರು ಕಂಡ ಕೂಡಲೇ ‘ಮಿದುಳು ಜ್ವರ’ ಎಂದು ಬರೆದು ಕಳಿಸುವ ರೂಢಿ ಇದೆ. ಅದಕ್ಕೆ ಮುಂಚೆ ಹಾಸಿಗೆಯ ಬಳಿಯೇ ಗ್ಲೂಕೋಸ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ 25% ಡೆಕ್ಸ್‌ಟ್ರೋಸ್ 100 ಎಂಎಲ್ ರಕ್ತನಾಳಕ್ಕೆ ಕೊಡಿ. ಆಮೇಲೆ ಬಿಪಿ. ಮೇಲಿನ ಮತ್ತು ಕೆಳಗಿನ ಅಂಕಿಯ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾಗಿದ್ದರೆ ಅದು ಶಾಕ್, ಮಂಪರಿಗೆ ಅದೇ ಕಾರಣವಿರಬಹುದು. ಸೋಡಿಯಂ, ಯಕೃತ್ತಿನ ಪರೀಕ್ಷೆಗೆ ರಕ್ತ ತೆಗೆದುಕೊಳ್ಳಿ. ಯಕೃತ್ತಿನ ಕಿಣ್ವಗಳಾದ ಎಎಸ್‌ಟಿ ಅಥವಾ ಎಎಲ್‌ಟಿ 1,000 ಮುಟ್ಟಿದರೆ ಯಕೃತ್ತೇ ಮಿದುಳನ್ನು ಮಂಕಾಗಿಸಿರುವ ಸಾಧ್ಯತೆ ಹೆಚ್ಚು. ಇವೆಲ್ಲ ಸರಿಯಿದ್ದೂ ಪ್ರಜ್ಞೆ ತಿಳಿಯಾಗದಿದ್ದರೆ ಸಿಟಿ ಆಗಲೇಬೇಕು, ಒಳಗೆ ರಕ್ತಸ್ರಾವವಾಗಿದೆಯೇ ತಿಳಿಯಬೇಕು.

ಎನ್ಸೆಫಲೈಟಿಸ್, ಅಂದರೆ ಮಿದುಳಿನ ಉರಿಯೂತದ ಶಂಕೆಯಿದ್ದರೆ ಇನ್ನೊಂದು ಎಚ್ಚರ. ಕೋಲಾರ, ಮಂಡ್ಯ ಕಡೆ ಜಪಾನೀಸ್ ಎನ್ಸೆಫಲೈಟಿಸ್ ಹಳೆಯ ಸಮಸ್ಯೆ. ಅದರದ್ದೂ ಡೆಂಗಿಯದ್ದೂ ಒಂದೇ ಕುಟುಂಬದ ವೈರಸ್‌ಗಳು, ಪ್ರತಿಕಾಯ ನೋಡುವ ಐಜಿಎಂ ಪರೀಕ್ಷೆ ಒಂದನ್ನು ಇನ್ನೊಂದೆಂದು ತೋರಿಸಬಹುದು. ಮೊದಲ ಐದು ದಿನದ ಎನ್‌ಎಸ್‌1 (ಡೆಂಗಿ ವೈರಸ್‌ನ ಪ್ರೋಟೀನ್ ಪತ್ತೆಮಾಡುವ ಪರೀಕ್ಷೆ) ವರದಿ ಇದ್ದರೆ ಅದರ ಪ್ರತಿಯನ್ನು ರೋಗಿಯ ಜತೆ ಕಳಿಸಿ, ಮುಂದಿನವರಿಗೆ ಬಹಳ ಉಪಕಾರ. ಮೈಮೇಲೆ ಸ್ಕ್ರಬ್ ಟೈಫಸ್‌ನ ಕಪ್ಪು ಹಕ್ಕಳೆ ಇದೆಯೇ ಹುಡುಕಿ, ಕಂಕುಳು, ತೊಡೆಸಂದು ಸೇರಿ. ಅದಕ್ಕೆ ಡಾಕ್ಸಿಸೈಕ್ಲಿನ್ ಇದೆ. ಡೆಂಗಿಗೆ ಅಂಥ ಔಷಧವೇ ಇಲ್ಲ.

ಮುಖ ಸೊಟ್ಟಗಾಗುವುದು, ಒಂದು ಕಡೆ ಬಲ ಹೋಗುವುದು ಕಂಡರೆ, ರೋಗಿ ಕೊನೆಯದಾಗಿ ಸರಿಯಿದ್ದ ಗಂಟೆ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಮಾಮೂಲಿ ಲಕ್ವಕ್ಕೆ 4.5 ಗಂಟೆಯೊಳಗೆ ಹೆಪ್ಪು ಕರಗಿಸುವ ಔಷಧ ಕೊಡುತ್ತೇವೆ, ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಅದು ನಿಷಿದ್ಧ. ದೊಡ್ಡ ರಕ್ತನಾಳ ಮುಚ್ಚಿದ್ದರೆ ಕ್ಯಾತಿಟರ್ ಮೂಲಕ ಹೆಪ್ಪು ಎಳೆದು ತೆಗೆಯುವ ಚಿಕಿತ್ಸೆ ಸಾಧ್ಯವಿರಬಹುದು, ಆದ್ದರಿಂದ ಅದು ಇರುವ ಕಡೆಗೇ ಕಳಿಸಿ. ತಲೆಯ ಭಾಗ 30 ಡಿಗ್ರಿ ಎತ್ತರಿಸಿ. ನುಂಗುವುದನ್ನು ಪರೀಕ್ಷಿಸದೆ ನೀರು, ಮಾತ್ರೆ ಬಾಯಿಗೆ ಹಾಕಬೇಡಿ. ಮೂಗಿನ ನಳಿಕೆಯನ್ನು ಒತ್ತಾಯದಿಂದ ಹಾಕಬೇಡಿ, ಮೂಗಿನ ರಕ್ತ ನಿಲ್ಲುವುದಿಲ್ಲ.

ಫಿಟ್ಸ್ ಬಂದರೆ ದೊಡ್ಡವರಿಗೆ ಲೊರಾಜೆಪಾಂ 4 ಎಂಜಿ ನಿಧಾನವಾಗಿ ರಕ್ತನಾಳಕ್ಕೆ. ಮುಂದಕ್ಕೆ ಲೆವೆಟಿರಾಸಿಟಾಂ ಒಳ್ಳೆಯದು. ವಾಲ್‌ಪ್ರೊಯೇಟ್ ಯಕೃತ್ತನ್ನೂ ಪ್ಲೇಟ್‌ಲೆಟ್ಟನ್ನೂ ಕೆಡಿಸಬಲ್ಲದು, ಇಲ್ಲಿ ಬೇಡ.

ಕಾಲು ಸೋಲುವುದಕ್ಕೆ ದಿನ ಎಣಿಸಿ. ಜ್ವರ ಇರುವಾಗಲೇ, ಮೊದಲ ವಾರದಲ್ಲಿ, ರಾತ್ರಿ ಮಲಗಿ ಬೆಳಿಗ್ಗೆ ಏಳಲಾಗದಂತೆ ಎರಡೂ ಕಾಲು ಸೋತರೆ ಪೊಟ್ಯಾಸಿಯಂ ನೋಡಿ. ಕಡಿಮೆಯಿದ್ದರೆ ತುಂಬಿಕೊಟ್ಟಾಗ ಹೆಚ್ಚಿನವರು ಒಂದೆರಡು ದಿನದಲ್ಲಿ ನಡೆಯುತ್ತಾರೆ. ಪೊಟ್ಯಾಸಿಯಂ ಕ್ಲೋರೈಡನ್ನು ಸಲೈನ್‌ನಲ್ಲೇ ಬೆರೆಸಿ, ಗಂಟೆಗೆ 10 ಎಂಇಕ್ಯು ವೇಗದಲ್ಲಿ, ಇಸಿಜಿ ನೋಡುತ್ತಾ ಕೊಡಿ. ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಿದರೆ ಇನ್ಸುಲಿನ್ ಏರಿ ಇದ್ದ ಪೊಟ್ಯಾಸಿಯಮ್ಮೂ ಜೀವಕೋಶದೊಳಗೆ ಸರಿಯುತ್ತದೆ, ಬಲ ಇನ್ನಷ್ಟು ಕುಗ್ಗುತ್ತದೆ. ಒಮ್ಮೆಗೇ ರಕ್ತನಾಳಕ್ಕೆ ಚುಚ್ಚುವ ನೇರ ಬೋಲಸ್ ಎಂದಿಗೂ ಇಲ್ಲ. ಸ್ನಾಯು ಮುಟ್ಟಿದರೆ ನೋಯುತ್ತಿದ್ದು ಸ್ನಾಯುವಿನ ಕಿಣ್ವ ಸಿಪಿಕೆ ಏರಿದ್ದರೆ ಅದು ಮಯೋಸೈಟಿಸ್, ಅಂದರೆ ಸ್ನಾಯುವಿನ ಉರಿಯೂತ.

ಜ್ವರ ಬಿಟ್ಟು ಒಂದರಿಂದ ಮೂರು ವಾರದ ಮೇಲೆ ಪಾದದಿಂದ ಮೇಲಕ್ಕೆ ಬಲ ಹೋಗುತ್ತಾ, ಮಂಡಿಯ ಪ್ರತಿವರ್ತನೆ ಇಲ್ಲವಾದರೆ ಅದು ಗಿಲ್ಲನ್–ಬಾರೆ (ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ಎರಗುವ ಕಾಯಿಲೆ) ಇರಬಹುದು. ಒಂದೇ ಉಸಿರಿನಲ್ಲಿ ಎಣಿಸಲು ಹೇಳಿ, 20 ಮುಟ್ಟದಿದ್ದರೆ ಉಸಿರಾಟದ ಸ್ನಾಯು ಸೋಲುತ್ತಿದೆ ಎಂದುಕೊಂಡು ವೆಂಟಿಲೇಟರ್ ಇರುವಲ್ಲಿಗೆ ಹೊರಡಿಸಿ. ಚಿಕಿತ್ಸೆ ಇಮ್ಯುನೊಗ್ಲಾಬುಲಿನ್, ದಿನಕ್ಕೆ ಕೆಜಿಗೆ 0.4 ಗ್ರಾಂ, ಐದು ದಿನ. ಮೂತ್ರ ಕಟ್ಟಿ, ಹೊಟ್ಟೆಯ ಒಂದು ಗೆರೆಯಿಂದ ಕೆಳಗೆ ಸ್ಪರ್ಶವೇ ತಿಳಿಯದಿದ್ದರೆ ಬೆನ್ನುಹುರಿಯ ಎಂಆರ್‌ಐ ಬೇಕು.

ಉತ್ತರ 3 – ತೀವ್ರ ನಿಗಾ ಘಟಕದ ನರ್ಸಿಂಗ್

ಹೃದಯದ ತೊಂದರೆ ಇದ್ದವರು ಕೆಡುವುದು ಹೆಚ್ಚಾಗಿ ಡ್ರಿಪ್‌ನಿಂದ. ಸೋರಿಕೆಯ ಹಂತ 24–48 ಗಂಟೆ. ಅದು ಮುಗಿದ ಮೇಲೆ ಹೊರಗೆ ಹೋದ ನೀರೆಲ್ಲ ತಾನಾಗಿ ರಕ್ತಕ್ಕೆ ಮರಳುತ್ತದೆ. ಆಗಲೂ ಹಳೆಯ ವೇಗದಲ್ಲೇ ಡ್ರಿಪ್ ಓಡುತ್ತಿದ್ದರೆ ಶ್ವಾಸಕೋಶ ತುಂಬಿಕೊಳ್ಳುತ್ತದೆ. ಪಿಸಿವಿ ಇಳಿದು, ಮೂತ್ರ ಚೆನ್ನಾಗಿ ಹೋಗುತ್ತಿದ್ದು, ಕೆಮ್ಮು ಶುರುವಾಗಿ, ರೋಗಿ ಮಲಗಲಾರದೆ ಎದ್ದು ಕೂರುತ್ತಿದ್ದರೆ ಮೊದಲು ಡ್ರಿಪ್ ಮುಚ್ಚಿ, ಆಮೇಲೆ ವೈದ್ಯರನ್ನು ಕರೆಯಿರಿ. ಚಾರ್ಟ್‌ನಲ್ಲಿ ಜ್ವರ ಬಿಟ್ಟ ಗಂಟೆಯನ್ನು ಕೆಂಪು ಶಾಯಿಯಲ್ಲಿ ಬರೆಯುವ ಅಭ್ಯಾಸ ಮಾಡಿಸಿ. ಮುಂದಿನ ಲೆಕ್ಕವೆಲ್ಲ ಅಲ್ಲಿಂದ.

ಮರುಪ್ರಶ್ನೆ – ಶುಶ್ರೂಷಾಧಿಕಾರಿ, ತಾಲ್ಲೂಕು ಆಸ್ಪತ್ರೆ

ತುಂಬಾ ಧನ್ಯವಾದ. ಇನ್ನೊಂದು ಉಳಿಯಿತು. ಮಿದುಳಿನಲ್ಲಿ ರಕ್ತಸ್ರಾವವಾದೀತು ಎಂಬ ಭಯಕ್ಕೆ, 20,000ಕ್ಕೆ ಇಳಿದ ಕೂಡಲೇ ಪ್ಲೇಟ್‌ಲೆಟ್ ಹಾಕಿಸಿ ಎಂದು ಮನೆಯವರು ಹಟ ಹಿಡಿಯುತ್ತಾರೆ. ಬಿಡುಗಡೆಯಾದ ಮೇಲೆ ಎಷ್ಟು ದಿನ ಎಚ್ಚರ ಬೇಕು?

ಉತ್ತರ 4 – ನರರೋಗ ವಿಭಾಗ

ಸಿಂಗಪುರ, ಮಲೇಷ್ಯಾದಲ್ಲಿ 20,000 ಅಥವಾ ಕಡಿಮೆ ಪ್ಲೇಟ್‌ಲೆಟ್ ಇದ್ದ 372 ವಯಸ್ಕರ ಮೇಲೆ ಇದನ್ನೇ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಮುಂಜಾಗ್ರತೆಗೆಂದು ಹಾಕಿದವರಲ್ಲಿ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಾಯಿತು. ಮನೆಯವರಿಗೆ ಇದನ್ನು ತಾಳ್ಮೆಯಿಂದ ಹೇಳಿ. ಸಿಟಿಯಲ್ಲಿ ರಕ್ತ ಕಂಡರೆ ಮಾತು ಬೇರೆ, ಆಗ ಪ್ಲೇಟ್‌ಲೆಟ್ ಹಾಕುತ್ತೇವೆ. ಶಸ್ತ್ರಚಿಕಿತ್ಸೆ ಬೇಕಾದರೆ 1 ಲಕ್ಷದವರೆಗೆ ಏರಿಸಲು ನೋಡುತ್ತೇವೆ.

ಬಿಡುಗಡೆಯ ನಂತರದ್ದಕ್ಕೆ ತೈವಾನ್‌ನ 13,787 ಡೆಂಗಿ ರೋಗಿಗಳ ಅಧ್ಯಯನ ಇದೆ, 2018ರದ್ದು. ಮೊದಲ ಎರಡು ತಿಂಗಳಲ್ಲಿ ಲಕ್ವದ ಅಪಾಯ ಡೆಂಗಿ ಬಾರದವರಿಗಿಂತ ಸುಮಾರು ಎರಡೂವರೆ ಪಟ್ಟು ಇತ್ತು. ಬಿಪಿ, ಸಕ್ಕರೆ ಕಾಯಿಲೆಯವರ ಬಿಡುಗಡೆ ಚೀಟಿಯಲ್ಲಿ ಎರಡು ತಿಂಗಳ ಎಚ್ಚರ ಎಂದೇ ಬರೆಯಿರಿ. ಜ್ವರದಲ್ಲಿ ನಿಲ್ಲಿಸಿದ್ದ ಬಿಪಿ ಮಾತ್ರೆ, ಆಸ್ಪಿರಿನ್ ಯಾವ ದಿನ ಮತ್ತೆ ಶುರು ಎಂಬ ತಾರೀಖೂ ಅದರಲ್ಲಿರಲಿ.

ಉತ್ತರ 5 – ಹೃದ್ರೋಗ ವಿಭಾಗ

ಮಯೊಕಾರ್ಡೈಟಿಸ್ ಆದವರ ಚೀಟಿಗೆ ಇನ್ನೊಂದು ಸಾಲು: ಮೂರರಿಂದ ಆರು ತಿಂಗಳು ಓಟ, ಭಾರ ಹೊರುವ ಕೆಲಸ, ಜಿಮ್ ಬೇಡ, ಎಕೋ, ಇಸಿಜಿ ಮತ್ತೆ ಮಾಡಿಸಿದ ಮೇಲಷ್ಟೇ. ಕೂಲಿ ಮಾಡುವವರಿಗೆ ಇದು ಬಾಯಿಮಾತಿನಲ್ಲಿ ಉಳಿಯುವುದಿಲ್ಲ, ಬರೆದೇ ಕೊಡಿ.