ಹೊಳೆಯ ಹುಳ ನೋಡಿ ನೀರು ಹೇಗಿದೆ ಅಂತ ಹೇಳಬಹುದಾ?

ಬೊರಿವಲಿ ಕನ್ನಡತಿ
ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು, ಪ್ರಾಜೆಕ್ಟಿಗೆ ನಮ್ಮ ಮುಂಬೈಯ ದಹಿಸರ್ ನದಿ ಆರಿಸಿಕೊಂಡಿದ್ದಾಳೆ. ನ್ಯಾಷನಲ್ ಪಾರ್ಕ್ ಒಳಗೆ ತಳದ ಕಲ್ಲು ಕಾಣುವಷ್ಟು ತಿಳಿ ನೀರು. ಹೊರಗೆ ಬಂದು ಬಿಲ್ಡಿಂಗು, ತಬೇಲಾ (ದನ, ಎಮ್ಮೆ ಕೊಟ್ಟಿಗೆ) ಶುರುವಾದ ಮೇಲೆ ಮೂಗು ಮುಚ್ಚಿಕೊಂಡೇ ನಿಲ್ಲಬೇಕು. ಆದರೆ ನೀರು ಹುಳಿಯೋ ಕ್ಷಾರವೋ ಅಂತ ತೋರಿಸೋ ಪಿಎಚ್ ಪಟ್ಟಿ ಅದ್ದಿದರೆ ಎರಡೂ ಕಡೆ ಸುಮಾರು 7, ಅಂದರೆ ಎರಡೂ ಅಲ್ಲ! ನೀರಿನ ಹುಳ ನೋಡಿದರೆ ಗೊತ್ತಾಗುತ್ತೆ ಅಂತ ಅವಳ ಟೀಚರ್ ಹೇಳಿದರಂತೆ. ನಿಜನಾ? ಹೊರಗಿನ ಕೊಳಕು ನೀರಲ್ಲೂ ಮೀನು ಓಡಾಡುತ್ತಿವೆ, ಹಾಗಿದ್ದ ಮೇಲೆ ಅದು ಕೆಟ್ಟ ನೀರು ಅಂತ ಹೇಗೆ ಬರೆಯೋದು?

ಮುಳಾ-ಮುಠಾ
ಟೀಚರ್ ಹೇಳಿದ್ದು ನಿಜ ಅಕ್ಕ. ಮನೆಗಳ ಗಟಾರದ ನೀರಿನ ಪಿಎಚ್ ಕೂಡ ಹೆಚ್ಚುಕಮ್ಮಿ 7ರ ಆಸುಪಾಸಲ್ಲೇ ಇರುತ್ತೆ, ಅದಕ್ಕೇ ಪಟ್ಟಿಗೆ ವ್ಯತ್ಯಾಸ ಕಾಣಲಿಲ್ಲ. ಗಟಾರ ಸೇರಿದಾಗ ಪೆಟ್ಟು ಬೀಳೋದು ಆಕ್ಸಿಜನ್‌ಗೆ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳೋದೇ ಸುಮಾರು 8 ಮಿಲಿಗ್ರಾಂ ಆಕ್ಸಿಜನ್. ಕೊಳೆ ತಿನ್ನೋ ಬ್ಯಾಕ್ಟೀರಿಯಾ ಅದನ್ನೂ ಖಾಲಿ ಮಾಡುತ್ತವೆ.

ಈಗ ಹುಳಗಳ ವಿಷಯ. ಹರಿಯೋ ನೀರಲ್ಲಿರೋ ಒಂದು ಕಲ್ಲನ್ನ ಮೆಲ್ಲಗೆ ಎತ್ತಿ, ಅಡಿಭಾಗವನ್ನ ಬಿಳಿ ತಟ್ಟೆಯ ನೀರಲ್ಲಿ ತೊಳೆಯಿರಿ. ಎರಡು ನಿಮಿಷ ಸುಮ್ನೆ ಕಾಯಿರಿ. ಚಪ್ಪಟೆ ಮೈ, ಸಾಮಾನ್ಯವಾಗಿ ಮೂರು ಎಳೆಯ ಬಾಲ, ಹೊಟ್ಟೆಯ ಎರಡೂ ಬದಿ ಪಟಪಟ ಆಡೋ ಸಣ್ಣ ಎಲೆಯಂಥ ಕಿವಿರು ಇದ್ದರೆ ಅದು ಮೇಫ್ಲೈ ಅನ್ನೋ ಹಾರುವ ಕೀಟದ ಮರಿ. ಎರಡೇ ಬಾಲ, ಒಂದೊಂದು ಕಾಲಿನ ತುದಿಯಲ್ಲಿ ಎರಡೆರಡು ಉಗುರು ಇದ್ದರೆ ಸ್ಟೋನ್‌ಫ್ಲೈ. ಕ್ಯಾಡಿಸ್‌ಫ್ಲೈ ಮರಿಗಳಲ್ಲಿ ಕೆಲವು ಬಾಯಿಂದ ಬರೋ ರೇಷ್ಮೆ ಎಳೆಯಲ್ಲಿ ಮರಳಿನ ಕಾಳು ಅಂಟಿಸಿ ಕೊಳವೆಯಂಥ ಗೂಡು ಕಟ್ಟಿಕೊಂಡು, ಅದನ್ನ ಎಳೆದುಕೊಂಡೇ ಓಡಾಡುತ್ತವೆ. ನೋಡೋಕೆ ಎಷ್ಟು ಚಂದ ಅಂತೀರಿ! ಈ ಮೂರೂ ಗುಂಪಿನವಕ್ಕೆ ಆಕ್ಸಿಜನ್ ಜಾಸ್ತಿ ಬೇಕು. ನಮ್ಮ ಕಡೆ ಸ್ಟೋನ್‌ಫ್ಲೈ ಜಾತಿಗಳು ಕಮ್ಮಿ, ಅದು ಸಿಗದಿದ್ದರೆ ಗಾಬರಿ ಬೇಡ.

ಪಾರ್ಕ್ ದಾಟಿದ ಮೇಲೆ ಕೆಳಗಿನ ಭಾಗದ ಕಪ್ಪು ಕೆಸರಲ್ಲಿ ಸಿಗೋದು ಬೇರೆ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಮೇವು ಅಂತ ಮಾರುತ್ತಾರಲ್ಲ, ಆ ಟ್ಯೂಬಿಫೆಕ್ಸ್ ಹುಳ, ಮತ್ತೆ ಕೈರೊನೊಮಸ್ ಅನ್ನೋ ನೊಣದ ಕೆಂಪು ಮರಿ. ನಮ್ಮ ರಕ್ತದಲ್ಲಿರೋ ಹಾಗೇ ಇವುಗಳ ಮೈಯಲ್ಲೂ ಆಕ್ಸಿಜನ್ ಹಿಡಿಯೋ ಹಿಮೋಗ್ಲೋಬಿನ್ ಇದೆ, ಅದಕ್ಕೇ ಆಕ್ಸಿಜನ್ ತೀರಾ ಕಮ್ಮಿ ಇದ್ದರೂ ಬದುಕುತ್ತವೆ.

ಮೀನಿಗೆ ಮೋಸ ಹೋಗಬೇಡಿ. ಅದು ಗಪ್ಪಿ ಆಗಿರಬಹುದು. ಸೊಳ್ಳೆ ಮರಿ ತಿನ್ನಲಿ ಅಂತ ನಾಲಾಗೆಲ್ಲ ಬಿಡುತ್ತಾರಲ್ಲ, ಅದೇ. ಗಾಳಿ ತಗುಲೋ ಮೇಲಿನ ಪದರದ ನೀರು ಸೇದಿಕೊಂಡು ಅದು ಹೇಗೋ ಬದುಕುತ್ತೆ.

ಬಿಚೋಲಿಯಿಂದ
ಗೋವಾ ಕಡೆಯ ಒಂದು ಮಾತು ಸೇರಿಸುತ್ತೇನೆ. ಹುಳ ಇಲ್ಲ ಅಂದ ತಕ್ಷಣ ಗಟಾರ ಅಂತ ಬರೆಯಬಾರದು. ಇಲ್ಲಿ ಕಬ್ಬಿಣದ ಅದಿರು ತೆಗೆದ ಗುಡ್ಡಗಳ ಕೆಂಪು ಮಣ್ಣು ಮಳೆಗೆ ಹಳ್ಳಕ್ಕೆ ಇಳಿಯುತ್ತೆ. ಕೊಳಚೆ ವಾಸನೆ ಏನೂ ಇರೋದಿಲ್ಲ, ಆದರೆ ನುಣುಪು ಮಣ್ಣು ಕಲ್ಲುಗಳ ಸಂದಿಯಲ್ಲೆಲ್ಲ ಕೂತುಬಿಡುತ್ತೆ. ಮೇಫ್ಲೈ ಮರಿಗಳ ಮನೆಯೇ ಆ ಸಂದಿ, ಅದು ಮುಚ್ಚಿಹೋದರೆ ಅವು ಎಲ್ಲಿರಬೇಕು ಹೇಳಿ? 2018ರಲ್ಲಿ ಸುಪ್ರೀಂ ಕೋರ್ಟ್ ಗುತ್ತಿಗೆಗಳನ್ನ ರದ್ದು ಮಾಡಿ ಗಣಿ ನಿಂತ ಮೇಲೂ ಗುಡ್ಡೆ ಹಾಕಿದ್ದ ಮಣ್ಣು ಎಲ್ಲಿಗೂ ಹೋಗಲಿಲ್ಲ. ಕಲ್ಲು ಎತ್ತುವಾಗ ಕೆಸರು ಎಷ್ಟಿದೆ ಅಂತಲೂ ಮಗಳು ಬರೆದುಕೊಳ್ಳಲಿ.

ಬೊರಿವಲಿ ಕನ್ನಡತಿ
ಇಷ್ಟು ಬಿಡಿಸಿ ಹೇಳಿದ್ದಕ್ಕೆ ಇಬ್ಬರಿಗೂ ತುಂಬಾ ಥ್ಯಾಂಕ್ಸ್! ಇನ್ನೊಂದು ಕೇಳಲಾ? ಪಾರ್ಕ್ ಒಳಗೂ ಕೆಂಪು ಹುಳ ಒಂದೆರಡು ಸಿಕ್ಕರೆ? ಮತ್ತೆ ಈಗಲೇ ಹೋಗಬಹುದಾ, ಮಳೆ ನಿಂತಿಲ್ಲ.

ಮುಳಾ-ಮುಠಾ
ಸಿಕ್ಕೇ ಸಿಗುತ್ತವೆ, ಅವು ಒಳ್ಳೆ ನೀರಲ್ಲೂ ಇರುತ್ತವೆ ಅಕ್ಕ. ಅಲ್ಲಿ ಹತ್ತು ಥರದ ಹುಳಗಳ ಮಧ್ಯೆ ಒಂದೆರಡು, ಕೆಳಗಡೆ ಬೇರೆ ಏನೂ ಇಲ್ಲದೆ ಅವೇ ರಾಶಿ ರಾಶಿ. ಹಾಗಾಗಿ ಎಷ್ಟು ಥರ ಅಂತ ಎಣಿಸಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೂಡ ಎಷ್ಟು ಥರದ ಹುಳ, ಅವು ಕೊಳೆಯನ್ನ ಎಷ್ಟು ತಾಳುತ್ತವೆ ಅಂತ ನೋಡಿಯೇ ನೀರನ್ನ ಎ ಇಂದ ಇ ವರೆಗೆ ಐದು ದರ್ಜೆ ಮಾಡುತ್ತೆ. ಎರಡೂ ಕಡೆ ಒಂದೇ ಥರದ ಜಾಗ ಇರಲಿ, ಅಂದರೆ ಕಲ್ಲಿನ ಮೇಲೆ ಹರಿಯೋ ನೀರು. ಒಂದು ಕಡೆ ಕಲ್ಲು, ಇನ್ನೊಂದು ಕಡೆ ನಿಂತ ಕೆಸರು ಅಂದ್ರೆ ಹೋಲಿಕೆಗೆ ಅರ್ಥ ಇಲ್ಲ.

ಈಗ ಮಾತ್ರ ಬೇಡ. ಜೋರು ಮಳೆ ಹುಳಗಳನ್ನೇ ಕೊಚ್ಚಿಕೊಂಡು ಹೋಗಿರುತ್ತೆ, ಜೊತೆಗೆ ಮುಂಬೈ ಮಳೆಗಾಲದಲ್ಲಿ ಲೆಪ್ಟೊಸ್ಪೈರೋಸಿಸ್ (ಇಲಿ ಜ್ವರ) ಭಯ. ಇಲಿ, ದನದ ಮೂತ್ರ ಸೇರಿದ ನೀರು ಸಣ್ಣ ಗಾಯಕ್ಕೆ ತಗುಲಿದರೂ ಬರಬಹುದು. ನವೆಂಬರ್ ಕಳೆಯಲಿ. ಆಗಲೂ ಕೆಳಗಿನ ಭಾಗಕ್ಕೆ ಮಗಳನ್ನ ಇಳಿಸಬೇಡಿ, ದೊಡ್ಡವರೇ ಗಮ್‌ಬೂಟು, ರಬ್ಬರ್ ಗ್ಲೌಸ್ ಹಾಕಿಕೊಂಡು ತೆಗೆದುಕೊಡಿ. ಪಾರ್ಕ್ ಒಳಗೆ ಕಲ್ಲು ಮುಟ್ಟೋಕೂ ಅರಣ್ಯ ಇಲಾಖೆಯ ಪರ್ಮಿಷನ್ ಬೇಕು, ಶಾಲೆಯ ಲೆಟರ್‌ಹೆಡ್ಡಿನಲ್ಲಿ ಈಗಲೇ ಅರ್ಜಿ ಹಾಕಿಸಿ. ನೋಡಿ ಆದಮೇಲೆ ಹುಳಗಳನ್ನ ಅದೇ ಜಾಗದಲ್ಲಿ ಬಿಟ್ಟು, ಕಲ್ಲನ್ನ ಮೊದಲಿದ್ದ ಹಾಗೇ ಇಡೋಕೆ ಹೇಳಿ.