ಪೈಥಾನ್ ಬಳಗದ ಸ್ವಯಂಸೇವಕರನ್ನು ಪ್ರಶಸ್ತಿಗೆ ಸೂಚಿಸುವುದು ಹೇಗೆ? ಅನುಭವ ಇರುವವರು ತಿಳಿಸಿ

ಪ್ರಶ್ನೆ: ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ನಮ್ಮೂರಿನ ಬಳಗದ ತಿಂಗಳ ಸಭೆಗಳನ್ನು ಒಬ್ಬರು ಮೇಡಂ ಹಲವು ವರ್ಷಗಳಿಂದ ಸಂಬಳವಿಲ್ಲದೆ ನಡೆಸಿಕೊಂಡು ಬಂದಿದ್ದಾರೆ. ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಅವರ ಕೋಡ್ ಹೆಚ್ಚೇನೂ ಇಲ್ಲ. ಅವರ ಹೆಸರನ್ನು ಯಾವ ಪ್ರಶಸ್ತಿಗೆ ಕಳಿಸಬಹುದು? ಅರ್ಜಿಯಲ್ಲಿ ಏನು ಬರೆಯಬೇಕು?

ಉತ್ತರ 1: ಖಂಡಿತ ಕಳಿಸಿ. ಕೋಡ್ ಕಡಿಮೆ ಎಂದು ಹಿಂಜರಿಯಬೇಡಿ. ಪರ್ಲ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯ ಬಳಗದವರು 1999ರಲ್ಲಿ ವೈಟ್ ಕ್ಯಾಮೆಲ್ ಪ್ರಶಸ್ತಿ ಶುರು ಮಾಡಿದ್ದೇ ಕೋಡ್ ಆಚೆಗಿನ ದುಡಿಮೆಯನ್ನು ಗುರುತಿಸಲು: ಪ್ರಚಾರ, ಬಳಕೆದಾರರ ಗುಂಪು ಕಟ್ಟುವುದು, ಬಳಗದ ಸೇವೆ. ನಿಮಗೆ ಹೊಂದುವಂಥವು ಎರಡಿವೆ. ಊಟಿಯಲ್ಲಿದ್ದುಕೊಂಡು ಭಾರತದ ಪೈಥಾನ್ ಬಳಗ ಕಟ್ಟಲು ದುಡಿದ ಕೆನ್ನೆತ್ ಗೊನ್ಸಾಲ್ವಿಸ್ 2012ರಲ್ಲಿ ತೀರಿಕೊಂಡರು. ಅವರ ಹೆಸರಿನ ಪ್ರಶಸ್ತಿಯನ್ನು ಪೈಥಾನ್ ಬಳಗದ ಸಮ್ಮೇಳನವಾದ ಪೈಕಾನ್ ಇಂಡಿಯಾದಲ್ಲಿ ಕೊಡುತ್ತಾರೆ. ಇನ್ನೊಂದು, ಪೈಥಾನ್ ಭಾಷೆಯ ಹಿಂದಿರುವ ಸಂಸ್ಥೆಯಾದ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ನಿನ ಸಮುದಾಯ ಸೇವಾ ಪ್ರಶಸ್ತಿ. ಇದನ್ನು ಫೌಂಡೇಶನ್ನಿನ ಮಂಡಳಿ ಮತ ಹಾಕಿ ತೀರ್ಮಾನಿಸುತ್ತದೆ. ಪೈಕಾನ್ ಇಂಡಿಯಾ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ನಡೆಯುವುದರಿಂದ ಜೂನ್‌ನಲ್ಲೇ ಮಾಹಿತಿ ಕೂಡಿಹಾಕಲು ಕೂತುಕೊಳ್ಳಿ.

ಉತ್ತರ 2: ಅರ್ಜಿಗಳು ಬಿದ್ದುಹೋಗುವುದು ಹೊಗಳಿಕೆಯಿಂದ. "ಬಳಗಕ್ಕಾಗಿ ಹಗಲಿರುಳು ದುಡಿದಿದ್ದಾರೆ" ಎಂದರೆ ಓದುವವರ ಕೈಗೆ ಏನೂ ಸಿಗುವುದಿಲ್ಲ, ಯಾಕೆಂದರೆ ಅದೇ ಮಾತು ಎಲ್ಲ ಅರ್ಜಿಯಲ್ಲೂ ಇರುತ್ತದೆ. ಹೀಗೆ ಬರೆದು ನೋಡಿ (ಅಂಕಿಗಳು ಬರೀ ಮಾದರಿಗೆ): "2019ರಿಂದ ಪ್ರತಿ ತಿಂಗಳ ಮೂರನೇ ಶನಿವಾರ ಸಭೆ. ಜಾಗ ಗೊತ್ತು ಮಾಡುವುದು, ಹೊಸಬರ ಸ್ಲೈಡುಗಳನ್ನು ವಾರ ಮೊದಲೇ ನೋಡಿ ತಿದ್ದಿಕೊಡುವುದು ಇವರೇ. ಇಲ್ಲಿ ಮೊದಲ ಸಲ ವೇದಿಕೆ ಹತ್ತಿದ 14 ಜನರಲ್ಲಿ 5 ಜನ ಈಗ ತಾವೇ ಕಾರ್ಯಾಗಾರ ನಡೆಸುತ್ತಿದ್ದಾರೆ." ಏನು ಮಾಡಿದರು, ಎಷ್ಟು ಕಾಲ, ಅದರಿಂದ ಯಾರಿಗೆ ಏನಾಯಿತು, ಮೂರೂ ಬಂತು. ಕೊನೆಯದೇ ಮುಖ್ಯ, ಹೆಚ್ಚಿನವರು ಬಿಡುವುದೂ ಅದನ್ನೇ.

ಫೌಂಡೇಶನ್ ಪ್ರಶಸ್ತಿಯ ಠರಾವಿನಲ್ಲಿ ಇಂಥವರಿಗೆ ಇಂಥ ಕೆಲಸಕ್ಕಾಗಿ ಎಂದು ಚಿಕ್ಕದಾಗಿ ಬರೆದಿರುತ್ತಾರೆ. ಆ ಸಾಲನ್ನು ನೀವೇ ಬರೆದು ಅರ್ಜಿಯ ತಲೆಯಲ್ಲಿಡಿ. ಒಂದು ಸಾಲಿಗೆ ಕೂರದಿದ್ದರೆ ಯಾವ ಕೆಲಸಕ್ಕೆ ಪ್ರಶಸ್ತಿ ಕೇಳುತ್ತಿದ್ದೀರೆಂದು ನಿಮಗೇ ಸ್ಪಷ್ಟವಾಗಿಲ್ಲ ಎಂದರ್ಥ. ಕೆಳಗಿನ ವಿವರ ಒಂದು ಪುಟ ದಾಟದಿರಲಿ.

ಸಂಬಳದ ಕೆಲಸವನ್ನು ಬೇರೆ ಮಾಡಿ ತೋರಿಸಿ. ಅವರ ಕಂಪನಿ ಸಭೆಗೆ ಜಾಗ ಕೊಟ್ಟಿದ್ದರೆ ಮುಚ್ಚಿಡಬೇಡಿ. ಕಚೇರಿ ಸಮಯದಲ್ಲಿ ಮಾಡಿದ್ದೆಷ್ಟು, ಸ್ವಂತ ಸಮಯದಲ್ಲಿ ಮಾಡಿದ್ದೆಷ್ಟು ಎಂದು ಬರೆಯಿರಿ. ಸಮಿತಿ ಹೇಗೂ ಕೇಳುತ್ತದೆ.

ಉತ್ತರ 3: ಕೋಡ್ ಇಲ್ಲ ಅನ್ನುವ ಮುಂಚೆ ಸರಿಯಾಗಿ ಹುಡುಕಿ. ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಶಾರ್ಟ್‌ಲಾಗ್ ಎಂಬ ಆದೇಶ ಮಾಮೂಲಾಗಿ ಕಮಿಟ್ (ದಾಖಲಾದ ಒಂದೊಂದು ಬದಲಾವಣೆ) ಬರೆದವರನ್ನಷ್ಟೇ ಎಣಿಸುತ್ತದೆ. ಸಹ-ಲೇಖಕರೆಂದು ಕಮಿಟ್ ಸಂದೇಶದ ಕೊನೆಯಲ್ಲಿ ಸೇರಿಸಿದ ಹೆಸರು ಬೇಕಾದರೆ ಅದೇ ಆದೇಶದ ಗ್ರೂಪ್ ಆಯ್ಕೆಗೆ ಕೋ-ಆಥರ್ಡ್-ಬೈ ಎಂಬ ಟ್ರೈಲರ್ (ಸಂದೇಶದ ಕೊನೆಯ ಆ ಸಾಲು) ಕೊಡಬೇಕು. ಒಬ್ಬರೇ ಎರಡು ಇಮೇಲ್ ಬಳಸಿದ್ದರೆ ಲೆಕ್ಕ ಒಡೆದುಹೋಗುತ್ತದೆ. ಮೇಲ್‌ಮ್ಯಾಪ್ ಫೈಲ್ ಬರೆದು ಎರಡನ್ನೂ ಒಂದು ಹೆಸರಿಗೆ ಸೇರಿಸಿ. ಬೇರೆಯವರ ಕೋಡ್ ಓದಿ ರಿವ್ಯೂ ಮಾಡಿದ್ದು, ಬಗ್ (ದೋಷ) ವರದಿಗಳನ್ನು ವಿಂಗಡಿಸಿದ್ದು ಕಮಿಟ್‌ನಲ್ಲಿ ಕಾಣುವುದೇ ಇಲ್ಲ. ಕೋಡ್ ಇಡುವ ತಾಣ ಗಿಟ್‌ಹಬ್‌ನ ಹುಡುಕಾಟದಲ್ಲಿ ರಿವ್ಯೂಡ್-ಬೈ, ಕಮೆಂಟರ್ ಎಂಬ ಫಿಲ್ಟರ್‌ಗಳಿವೆ, ಅಲ್ಲಿ ನೋಡಿ.

ದಸ್ತಾವೇಜು ಅನುವಾದಕರಿಗೆ ಆಗುವ ಅನ್ಯಾಯ ಇನ್ನೂ ದೊಡ್ಡದು. ಪೈಥಾನ್ ಬಳಗದ ಪ್ರಸ್ತಾವ ದಾಖಲೆಯಾದ ಪೆಪ್ 545ರ ಪ್ರಕಾರ ಪೈಥಾನ್ ದಸ್ತಾವೇಜಿನ ಪ್ರತಿ ಭಾಷೆಯ ಅನುವಾದಕ್ಕೂ ಬೇರೆಯೇ ರೆಪೊಸಿಟರಿ (ಕಡತಗಳ ಭಂಡಾರ). ಪೈಥಾನಿನ ಮುಖ್ಯ ಕೋಡ್ ಇರುವ ಸೀಪೈಥಾನ್ ರೆಪೊಸಿಟರಿಯಲ್ಲಿ ಹುಡುಕಿದರೆ ಅವರ ಹೆಸರೇ ಸಿಗದು!

ಉತ್ತರ 4: ಮೊದಲು ಅವರನ್ನೇ ಒಂದು ಮಾತು ಕೇಳಿ. ಹೆಸರು, ಫೋಟೊ ಜಗಜ್ಜಾಹೀರಾಗುವುದು ಎಲ್ಲರಿಗೂ ಹಿಡಿಸುವುದಿಲ್ಲ. ಇಂಗ್ಲಿಷಿನಲ್ಲಿ ಹೆಸರಿನ ಕಾಗುಣಿತವನ್ನೂ ಅವರ ಬಾಯಿಂದಲೇ ಕೇಳಿಕೊಳ್ಳಿ. ಫಲಕದ ಮೇಲೆ ಇನಿಷಿಯಲ್ ತಪ್ಪಾಗಿ ಕೆತ್ತಿದರೆ ತಿದ್ದುವ ಹಾಗಿಲ್ಲ.

ಉತ್ತರ 5: ನಾಲ್ಕನೆಯವರ ಮಾತಿಗೆ ಅರ್ಧ ಒಪ್ಪಿಗೆ. ಪ್ರಕಟಣೆಗೆ ಮುಂಚೆ ಒಪ್ಪಿಗೆ ಬೇಕೇ ಬೇಕು, ಆದರೆ ಅರ್ಜಿ ಹಾಕುವಾಗಲೇ ಕೇಳಿದರೆ ಇಂಥ ಸ್ವಭಾವದವರು "ನನಗ್ಯಾಕೆ, ಬೇರೆಯವರಿಗೆ ಕೊಡಿ" ಅಂದುಬಿಡುತ್ತಾರೆ. ಸಂಕೋಚದ ಆ ಮಾತಿಗೇ ಅರ್ಜಿ ನಿಂತುಹೋಗಬಾರದು. ನಿಯಮ ಓದಿ, ಒಪ್ಪಿಗೆ ಮೊದಲೇ ಬೇಕು ಅಂದಿದ್ದರೆ ಕೇಳಿ. ಇಲ್ಲದಿದ್ದರೆ ಸಮಿತಿಯೇ ಕೇಳಲಿ.

ಬೆಂಬಲದ ಪತ್ರ ಮೂರು ಸಾಕು. ಒಂದೇ ಒಕ್ಕಣೆಯನ್ನು ಹತ್ತು ಜನ ನಕಲು ಮಾಡಿ ಕಳಿಸಿದರೆ ಅದು ಒಂದು ಪತ್ರಕ್ಕೆ ಸಮ. ಅವರಿಂದ ಕಲಿತ ವಿದ್ಯಾರ್ಥಿ, ಜೊತೆಗೆ ಸಂಘಟಿಸಿದವರು, ಬೇರೆ ಊರಿನ ಬಳಗದವರು, ಈ ಮೂವರು ಬೇರೆ ಬೇರೆ ಸಂಗತಿ ಬರೆದರೆ ತೂಕ ಬರುತ್ತದೆ.

ನಿಮ್ಮ ಬಳಗದ್ದೇ ಒಂದು ಸಣ್ಣ ಪ್ರಶಸ್ತಿಯನ್ನೂ ಯೋಚಿಸಿ. ಹಣ ದೊಡ್ಡದಾಗಬೇಕಿಲ್ಲ. ಹೊಸಬರಿಗೆ ಆಸರೆಯಾದವರಿಗೆ ಜ್ಯಾಂಗೊ (ಪೈಥಾನಿನಲ್ಲಿ ಜಾಲತಾಣ ಕಟ್ಟುವ ಸಾಧನ) ಫೌಂಡೇಶನ್ ಕೊಡುವ ಮಾಲ್ಕಮ್ ಟ್ರೆಡಿನಿಕ್ ಸ್ಮಾರಕ ಬಹುಮಾನ 500 ಡಾಲರ್. ಸ್ಥಳೀಯ ಬಳಗಕ್ಕೆ ಪೈಕಾನ್ ಟಿಕೆಟ್ಟು, ರೈಲು ಖರ್ಚು ಕೊಟ್ಟರೂ ಆದೀತು. ಸಮಿತಿಯಲ್ಲಿ 3 ಅಥವಾ 5 ಜನ ಇರಲಿ, ಸಮಬಲದ ತಾಪತ್ರಯ ತಪ್ಪುತ್ತದೆ. ಹಿಂದಿನ ವರ್ಷ ಪಡೆದವರು ಒಬ್ಬರಾದರೂ ಅದರಲ್ಲಿರಲಿ. ಸೂಚಿತರ ಸಹೋದ್ಯೋಗಿ ಅಥವಾ ನೆಂಟರು ಆ ಹೆಸರಿನ ಚರ್ಚೆ ಬಂದಾಗ ಹೊರಗೆ ಹೋಗಬೇಕೆಂದು ಮೊದಲೇ ಬರೆದಿಡಿ. ಗೆಲ್ಲದ ಒಳ್ಳೆಯ ಅರ್ಜಿಗಳನ್ನು ಎಸೆಯಬೇಡಿ, ಮುಂದಿನ ವರ್ಷದ ಪಟ್ಟಿಗೆ ತಾನಾಗಿ ಸೇರುವಂತೆ ನಿಯಮ ಮಾಡಿ.