ಪದಚರ್ಚೆ: ‘ಪ್ಯಾರಿಷ್ ರಿಜಿಸ್ಟರ್’ಗೆ ಕನ್ನಡದಲ್ಲಿ ಏನನ್ನೋಣ? ಶನಿವಾರದೊಳಗೆ ಬೇಕು

> ಇಲ್ಲಿನ ಕೆಲವು ಕನ್ನಡ ಕುಟುಂಬಗಳು ಶನಿವಾರ ಇಂಗ್ಲೆಂಡಿನ ಡರ್ಬಿಶೈರಿನ ‘ಎಯಾಮ್’ ಊರಿಗೆ ಹೋಗ್ತಿದ್ದೇವೆ. ಒಂದು ಪುಟದ ಕರಪತ್ರ ಮಾಡ್ತಿದ್ದೇನೆ. ಅಲ್ಲಿನ ಚರ್ಚಿನ ಬರಿಯಲ್ ರಿಜಿಸ್ಟರಿಗೆ (ಹೂಳಿದವರ ಹೆಸರು ಬರೆದಿಡುವ ಪುಸ್ತಕ) ‘ಗ್ರಾಮ ಸಮಾಧಿ ದಾಖಲೆ’ ಅಂದರೆ ಸರಿಯಾ?

ಸರಿಯಿಲ್ಲ. ಊರಿನ ಹೆಸರೂ ತಪ್ಪಿದೆ. ಅಲ್ಲಿನವರು ‘ಈಮ್’ ಅನ್ನುತ್ತಾರೆ. ಹಾಗೇ ಬರೆಯಿರಿ.

‘ಸಮಾಧಿ’ಯನ್ನು ಮೊದಲು ತೆಗೆಯಿರಿ. ಆ ಪದ ಕೇಳಿದರೆ ನಮ್ಮ ಕಣ್ಣಿಗೆ ಕಟ್ಟೆ, ಕಲ್ಲು, ಹೂವು ಬರುತ್ತದೆ. ಈಮ್‌ನಲ್ಲಿ ಏನಾಯಿತು ಅಂತ ನೆನೆಯಿರಿ. 1665ರ ಸೆಪ್ಟೆಂಬರಿನಲ್ಲಿ ಪ್ಲೇಗು ಬಂತು. 14 ತಿಂಗಳಲ್ಲಿ ಸುಮಾರು 260 ಜನ ಹೋದರು. ರೋಗ ಆಚೆ ಹರಡಬಾರದು ಅಂತ ಪಾದ್ರಿ ವಿಲಿಯಂ ಮಾಂಪೆಸನ್ ಹೇಳಿದ ಮಾತಿಗೆ ಊರವರು ಒಪ್ಪಿ, ಎಲ್ಲೆ ದಾಟದೆ ಉಳಿದರು. 1666ರ ಬೇಸಿಗೆಯಲ್ಲಿ ಚರ್ಚಿನ ಅಂಗಳದಲ್ಲಿ ಹೂಳುವುದೂ ನಿಂತಿತು. ಸತ್ತವರನ್ನು ಮನೆಯವರೇ ಹೊಲದಲ್ಲೋ ಹಿತ್ತಿಲಲ್ಲೋ ಹೂಳಬೇಕಿತ್ತು. ಎಲಿಜಬೆತ್ ಹ್ಯಾನ್‌ಕಾಕ್ ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಹಾಗೆ ಹೂತಳು. ಶನಿವಾರ ನೀವೇ ನೋಡುತ್ತೀರಿ, ಹೊಲದ ನಡುವೆ ದುಂಡನೆಯ ಕಲ್ಲುಗೋಡೆ, ಅದರೊಳಗೆ ಅವರ ಗೋರಿಕಲ್ಲುಗಳು.

ಇದಕ್ಕೆ ನಮ್ಮಲ್ಲಿ ಎಷ್ಟು ಒಳ್ಳೆಯ ಮಾತಿದೆ! ‘ಮಣ್ಣು ಮಾಡುವುದು’. ಹಳ್ಳಿಯಲ್ಲಿ ಇವತ್ತಿಗೂ ‘ಮಣ್ಣಿಗೆ ಹೋಗಿ ಬಂದೆ’ ಅಂತಾರೆ ಅಲ್ವಾ? ‘ಮಣ್ಣಾದವರು’ ಅಂತ ಹಾಕಿ.

‘ಗ್ರಾಮ’ವೂ ಆಗದು. ಪ್ಯಾರಿಷ್ ಅಂದರೆ ಒಂದು ಚರ್ಚಿನ ಎಲ್ಲೆಗೆ ಸೇರಿದ ನೆಲ. ಈಮ್ ಪ್ಯಾರಿಷ್‌ಗೆ ಫೂಲೋ ಥರದ ಬೇರೆ ಹಳ್ಳಿಗಳೂ ಸೇರಿದ್ದವು.

> ಎಲ್ಲರೂ ‘ಒಕ್ಕಲು’ ಮರೆತಿದ್ದೀರಿ. ಪ್ಯಾರಿಷ್ ಹುಟ್ಟಿದ್ದು ಗ್ರೀಕಿನ ‘ಪರೊಯ್ಕಿಯ’ದಿಂದ. ಅದರೊಳಗಿನ ‘ಓಯ್ಕೊಸ್’ ಅಂದರೆ ಮನೆ. ಅದು ನಮ್ಮ ಒಕ್ಕಲೇ. ಅಚ್ಚಗನ್ನಡ ಪದ ಇರುವಾಗ ಇಂಗ್ಲಿಷಿನ ಹಂಗು ಯಾಕೆ?

ಅಲ್ಲವೇ ಅಲ್ಲ. ‘ಓಯ್ಕೊಸ್’ ಹಳೆಯ ಗ್ರೀಕಿನಲ್ಲಿ ವಕಾರದಿಂದ ಶುರುವಾಗುತ್ತಿತ್ತು. ಸಂಸ್ಕೃತದ ‘ವೇಶ’ (ಮನೆ) ಅದರ ನೆಂಟ. ಕಿವಿಗೆ ಒಂದೇ ಥರ ಕೇಳಿಸಿತು ಅಂತ ಸುಮ್ನೆ ಸಂಬಂಧ ಕಟ್ಟಬೇಡಿ. ‘ಮಠದ ಒಕ್ಕಲು’ ಅನ್ನುವ ಅರ್ಥದಲ್ಲಿ ಪದ ಹತ್ತಿರ ಬರುತ್ತದೆ, ಒಪ್ಪಿದೆ. ಆದರೆ ಒಕ್ಕಲು ಅಂದರೆ ಮನೆತನ, ಪ್ಯಾರಿಷ್ ಅಂದರೆ ನೆಲ. ಚರ್ಚಿಗೆ ಕಾಲಿಡದವನೂ ಆ ಎಲ್ಲೆಯೊಳಗಿದ್ದರೆ ಅದಕ್ಕೇ ಸೇರಿದವನು. 1601ರ ಬಡವರ ಕಾಯ್ದೆಯ ಪ್ರಕಾರ ಅಲ್ಲಿನ ಬಡವರನ್ನು ಸಾಕುವ ತೆರಿಗೆಯನ್ನೂ ಪ್ಯಾರಿಷ್ಷೇ ಎತ್ತುತ್ತಿತ್ತು. ಇದೇ ಕಾರಣಕ್ಕೆ ನಮ್ಮ ಕ್ಯಾಥೊಲಿಕರ ‘ಧರ್ಮಕೇಂದ್ರ’ವೂ ಇಲ್ಲಿ ಕೂರುವುದಿಲ್ಲ.

ಮಂಗಳೂರಿನ ಕೊಂಕಣಿ ಮನೆಗಳಲ್ಲಿ ‘ಫಿರ್ಗಜ್’ ಅನ್ನುತ್ತಾರೆ. ಪೋರ್ಚುಗೀಸಿನಿಂದ ಬಂದದ್ದು, ಬೇರಿನಲ್ಲಿ ‘ಚರ್ಚಿನ ಮಗ’ ಅಂತ ಅರ್ಥ. ನನಗೆ ತುಂಬಾ ಇಷ್ಟದ ಪದ. ಆದರೆ ಘಟ್ಟದ ಮೇಲಿನವರಿಗೆ ತಿಳಿಯದು. ‘ಪ್ಯಾರಿಷ್’ ಹಾಗೇ ಇರಲಿ, ರಿಜಿಸ್ಟರಿಗೆ ‘ದಫ್ತರ’ ಅನ್ನಿ.

> ರಿಜಿಸ್ಟರಿಗೆ ‘ದಫ್ತರ’ ಅಂದಿರಿ. ಪಾರಸಿ ಯಾಕೆ? ‘ಕಡತ’ ಇಲ್ವಾ?

ಕಡತ ಏನು ಅಂತ ಗೊತ್ತಿದ್ದೇ ಕೇಳುತ್ತಿದ್ದೀರಾ? ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು, ಬಳಪದಲ್ಲಿ ಬರೆದು, ಬೇಕೆಂದಾಗ ಒರೆಸುವ ಪುಸ್ತಕ ಅದು. ಲೆಕ್ಕಕ್ಕೆ ಚೆನ್ನ. ಪ್ಯಾರಿಷ್ ರಿಜಿಸ್ಟರು ಅಳಿಯಬಾರದ್ದು. 1538ರಲ್ಲಿ ದೊರೆ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ ಪ್ರತಿ ಪ್ಯಾರಿಷ್ಷೂ ದೀಕ್ಷಾಸ್ನಾನ, ಮದುವೆ, ಮಣ್ಣು ಮೂರನ್ನೂ ಬರೆದಿಡಬೇಕಾಯಿತು. ಕಾಗದ ಹಾಳಾಗುತ್ತದೆ ಅಂತ 1598ರಲ್ಲಿ ಅವನ್ನೆಲ್ಲ ತೊಗಲಿನ ಹಾಳೆಗೆ ಇಳಿಸಲು ಹೇಳಿದರು. ಈಗ ‘ದಫ್ತರ’ದ ಬೇರು ನೋಡಿ. ಪಾರಸಿಗೂ ಅದು ಗ್ರೀಕಿನ ‘ದಿಫ್ತೆರ’ದಿಂದ ಬಂತು. ದಿಫ್ತೆರ ಅಂದರೆ ತೊಗಲು! ಇದಕ್ಕಿಂತ ಒಪ್ಪುವ ಪದ ಯಾವುದಿದೆ?

ಎರವಲು ಬೇಡ ಅನ್ನುವವರಿಗೆ ಒಂದು ಮಾತು. ‘ದಾಖಲೆ’ಯೂ ಅರಬ್ಬಿಯಿಂದ ಬಂದದ್ದು. ಅದು ನಡೆಯುತ್ತದೆ, ದಫ್ತರ ನಡೆಯುವುದಿಲ್ಲ ಅಂದರೆ ಅದು ತತ್ವ ಅಲ್ಲ, ರೂಢಿ.

ಕರಪತ್ರಕ್ಕೆ ಹೀಗೆ ಹಾಕಿ: ‘ಈಮ್ ಪ್ಯಾರಿಷ್ ದಫ್ತರ: ಮಣ್ಣಾದವರ ಹೆಸರುಗಳು’.

ಒಂದು ಎಚ್ಚರ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ದಫ್ತರದಲ್ಲಿ 1665ರ ಫೆಬ್ರವರಿ ಅಂತಿದ್ದರೆ ಅದು ನಮ್ಮ ಲೆಕ್ಕದ 1666. ಅಂಥ ಕಡೆ ‘1665/66’ ಅಂತ ಎರಡನ್ನೂ ಬರೆಯಿರಿ. ಇಲ್ಲದಿದ್ದರೆ ಪ್ಲೇಗು ಬರುವ ಮೊದಲೇ ಜನ ಸತ್ತ ಹಾಗೆ ಕಾಣುತ್ತದೆ.